ನಿಕಾನ್ 200-500 ಲೆನ್ಸ್: ವಿಆರ್ ಯಾವಾಗ ಬೇಕು, ಯಾವಾಗ ಬೇಡ

ಹಕ್ಕಿ ಫೋಟೋಗೆ ಲೆನ್ಸ್ ಹುಡುಕುವವರು ಹಾಸನದ ನಮ್ಮ ಸ್ಟುಡಿಯೋಗೆ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಕಾನ್ 200-500 ತಗೊಳ್ಳಬಹುದಾ? ಖಂಡಿತ ತಗೊಳ್ಳಿ ಅನ್ನುತ್ತೇನೆ. ಡಿಎಸ್ಎಲ್ಆರ್ ಬಾಡಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವವರಿಗೆ ಈ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಉದ್ದದ ಲೆನ್ಸ್ ನಾನು ಕಂಡಿಲ್ಲ. ಆದರೆ ಜೊತೆಗೆ ಒಂದು ಮಾತು ಸೇರಿಸುತ್ತೇನೆ. ಈ ಲೆನ್ಸಿಗೆ ಕೊಡುವ ದುಡ್ಡಿನಲ್ಲಿ ಅದರ ವಿಆರ್, ಅಂದರೆ ವೈಬ್ರೇಶನ್ ರಿಡಕ್ಷನ್, ಕೂಡ ಸೇರಿದೆ. ಕೈ ನಡುಕವನ್ನು ತಡೆಯುವ ಆ ವ್ಯವಸ್ಥೆಯನ್ನು ಎಲ್ಲಿ ಆಫ್ ಮಾಡಬೇಕು ಅಂತ ತಿಳಿಯದಿದ್ದರೆ ಆ ದುಡ್ಡು ಪೂರ್ತಿ ಕೈಗೆ ಹತ್ತುವುದಿಲ್ಲ.

ಮೊದಲು ಲೆನ್ಸಿನ ಲೆಕ್ಕ ಹೇಳಿಬಿಡುತ್ತೇನೆ. ಇದು ಬಂದಿದ್ದು 2015ರಲ್ಲಿ. 200ರಿಂದ 500 ಎಂಎಂವರೆಗೂ ಎಫ್ 5.6 ಸಿಗುತ್ತದೆ, ಅಂದರೆ ಝೂಮ್ ಮಾಡಿದರೂ ಒಳಗೆ ಬರುವ ಬೆಳಕು ಕಡಿಮೆಯಾಗುವುದಿಲ್ಲ. ಟ್ರೈಪಾಡ್ ಕಾಲರ್ ಸೇರಿ ತೂಕ 2.3 ಕೆಜಿ. ಮುಂದಿನ ಗಾಜಿಗೆ 95 ಎಂಎಂ ಫಿಲ್ಟರ್ ಬೇಕು. 2.2 ಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ, ಹಾಗಾಗಿ ತೋಟದ ಬೇಲಿ ಮೇಲಿನ ಚಿಟ್ಟೆಗೂ ಆಗುತ್ತದೆ. ವಿಆರ್‌ಗೆ ಮೂರು ಸ್ಥಿತಿ: ಆಫ್, ನಾರ್ಮಲ್, ಸ್ಪೋರ್ಟ್. ನಾನು ಬಳಸುವುದು ಡಿ7500 ಬಾಡಿಯಲ್ಲಿ. ಆ ಬಾಡಿಯ ಒಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲ. ಇರುವುದೆಲ್ಲ ಲೆನ್ಸಿನ ಒಳಗೇ.

ಅದು ಕೆಲಸ ಮಾಡುವ ರೀತಿ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಲೆನ್ಸಿನ ಒಳಗೆ ಪುಟ್ಟ ಗೈರೋ ಸೆನ್ಸರ್‌ಗಳಿವೆ. ಕ್ಯಾಮೆರಾ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಷ್ಟು ವೇಗವಾಗಿ ತಿರುಗಿತು ಅಂತ ಅವು ಅಳೆಯುತ್ತವೆ. ಅದಕ್ಕೆ ಸರಿಯಾಗಿ ಒಂದು ಗಾಜಿನ ಗುಂಪು ಪಕ್ಕಕ್ಕೆ ಸರಿದು ಚಿತ್ರವನ್ನು ಕ್ಯಾಮೆರಾದ ಸೆನ್ಸರ್ ಮೇಲೆ ಅದೇ ಜಾಗದಲ್ಲಿ ಹಿಡಿದಿಡುತ್ತದೆ. ಅಂದರೆ ಅದು ಸರಿ ಮಾಡುವುದು ನಿಮ್ಮ ಕೈಯ ಅಲುಗಾಟವನ್ನು ಮಾತ್ರ. ಎದುರಿಗಿರುವವರು ಅಲುಗಾಡಿದರೆ ಅದಕ್ಕೆ ಏನೂ ಮಾಡಲು ಬರುವುದಿಲ್ಲ.

ನಮ್ಮ ಕೆಲಸ ಮದುವೆ ಫೋಟೋ. ಧಾರೆ ಆದ ಮೇಲೆ ಎಲ್ಲರೂ ಅಕ್ಷತೆ ಹಾಕುವ ಹೊತ್ತು ಗೊತ್ತಲ್ವಾ? ನೂರಾರು ಕೈ ಒಟ್ಟಿಗೆ ಮೇಲೇಳುತ್ತವೆ. ಕಲ್ಯಾಣ ಮಂಟಪದ ಒಳಗೆ ಬೆಳಕು ಕಡಿಮೆ. ಕೆಲಸ ಕಲಿಯಲು ಬಂದಿರುವ ಹುಡುಗ ಒಂದು ಸಲ ಅಲ್ಲೇ ಕೇಳಿದ, "ಅಕ್ಕಾ, ವಿಆರ್ ಆನ್ ಇದೆ, ಮಂಟಪದ ಕಂಬ ಸಖತ್ತಾಗಿ ಬಂದಿದೆ, ಕೈಗಳೆಲ್ಲ ಯಾಕೆ ಹಿಂಗೆ ಕರಗಿಹೋಗಿವೆ?" ಅವನು ಇಟ್ಟಿದ್ದ ಶಟರ್ 1/40, ಅಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗ. ಕಂಬ ನಿಂತಿತ್ತು, ಅವನ ಕೈ ನಡುಕವನ್ನು ವಿಆರ್ ತಡೆದಿತ್ತು. ಅಕ್ಕಿ ಎರಚುವ ಕೈಗೆ ಬೇಕಾದದ್ದು 1/250 ಅಥವಾ ಅದಕ್ಕಿಂತ ಜೋರು ಶಟರ್. ಅದಕ್ಕೆ ಐಎಸ್ಓ, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ, ಏರಿಸಬೇಕು, ಇಲ್ಲ ಫ್ಲ್ಯಾಶ್ ಹಾಕಬೇಕು. ವಿಆರ್ ಇದೆ ಅಂತ ಶಟರ್ ಇಳಿಸಿದರೆ ಕಲ್ಯಾಣ ಮಂಟಪದ ಕಂಬ ಚೆನ್ನಾಗಿ ಬರುತ್ತದೆ, ಮದುವೆ ಬರುವುದಿಲ್ಲ.

ಈಗ 500 ಎಂಎಂ ವಿಚಾರ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸಿನ ಉದ್ದಕ್ಕೆ ತಕ್ಕ ಶಟರ್ ಇರಬೇಕು ಅನ್ನುವುದು ಹಳೆಯ ಲೆಕ್ಕ. ಡಿ7500ರ ಸೆನ್ಸರ್ ಚಿಕ್ಕದು, ಒಂದೂವರೆ ಪಟ್ಟು ಸೇರಿಸಬೇಕು. ಹಾಗಾಗಿ 500 ಅಂದರೆ 750. ವಿಆರ್ ಇಲ್ಲದೆ ಕನಿಷ್ಠ 1/750 ಬೇಕು. ಈ ಲೆನ್ಸಿನ ವಿಆರ್‌ಗೆ ನಿಕಾನ್ ಹೇಳುವುದು 4.5 ಸ್ಟಾಪ್. ಒಂದು ಸ್ಟಾಪ್ ಅಂದರೆ ಶಟರ್ ತೆರೆದಿರುವ ಹೊತ್ತು ಎರಡು ಪಟ್ಟು. ಆ ಪ್ರಕಾರ ಸುಮಾರು 1/30ರವರೆಗೂ ಇಳಿಯಬಹುದು. ಇದು ಕಾಗದದ ಲೆಕ್ಕ. ನನ್ನ ಕೈಗೆ ನಂಬಿಕೆ ಇರುವುದು 1/125ರವರೆಗೆ. ಅಷ್ಟಾದರೂ ದೊಡ್ಡ ಉಪಕಾರ. ಸಕಲೇಶಪುರದ ಕಡೆ ತೋಟದ ನೆರಳಲ್ಲಿ ಮಂಗಟ್ಟೆ ಕೂತಿರುವಾಗ 1/750 ಇಟ್ಟರೆ ಐಎಸ್ಓ ಎಲ್ಲಿಗೋ ಏರುತ್ತದೆ, ಗರಿಯ ಕಪ್ಪೆಲ್ಲ ಕಾಳು ಕಾಳಾಗುತ್ತದೆ. ಕೂತ ಹಕ್ಕಿ, ಕೈಯಲ್ಲಿ ಲೆನ್ಸ್, ಕಡಿಮೆ ಬೆಳಕು: ಇಲ್ಲಿ ವಿಆರ್ ನಾರ್ಮಲ್‌ನಲ್ಲಿ ಆನ್ ಇರಲೇಬೇಕು.

ಬೇಲೂರಿನಲ್ಲೂ ಅಷ್ಟೇ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನ, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಅಲ್ಲಿ ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಮ್ಮಂಥವರಿಗೆ ಕೈಯೇ ಗತಿ. ಸೂರಿನ ಕೆಳಗಿನ ಮದನಿಕೆಯರನ್ನು ಅಂಗಳದಿಂದ 300 ಎಂಎಂನಲ್ಲಿ ತೆಗೆಯುತ್ತೇನೆ. ಸಂಜೆ ಸೂರಿನ ನೆರಳು ಬಿದ್ದಾಗ ಶಟರ್ 1/100ಕ್ಕೆ ಇಳಿಯುತ್ತದೆ. ಆದರೂ ಬಳಪದ ಕಲ್ಲಿನ ಬಳೆ, ಜಡೆಯ ಹೆಣಿಗೆ ಒಂದೊಂದೂ ಎಣಿಸುವ ಹಾಗೆ ಬರುತ್ತದೆ. ನವರಂಗದ ಒಳಗೆ ಈ ಲೆನ್ಸ್ ಬೇಡ, ತುಂಬ ಉದ್ದ. ಅಲ್ಲಿಗೆ 18-140 ವಿಆರ್ ಹಾಕಿ, 18ರಲ್ಲಿ 1/8 ಇಟ್ಟು, ಗೋಡೆಗೆ ಭುಜ ಕೊಟ್ಟು ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಛಾವಣಿಯನ್ನು, ತೆಗೆಯುತ್ತೇನೆ. ಶಿಲ್ಪ ಅಲುಗಾಡುವುದಿಲ್ಲ, ಅಲುಗಾಡುವುದು ನಾವು. ವಿಆರ್ ಹುಟ್ಟಿದ್ದೇ ಇಂಥ ಜಾಗಕ್ಕೆ ಅನ್ನಿಸುತ್ತದೆ.

ಹಾಗಾದರೆ ಆಫ್ ಯಾವಾಗ?

ಮೊದಲನೆಯದು ಟ್ರೈಪಾಡ್. ಇದನ್ನು ಎಲ್ಲರೂ ಹೇಳುತ್ತಾರೆ, ಕಾರಣ ಮಾತ್ರ ಯಾರೂ ಹೇಳುವುದಿಲ್ಲ. ಲೆನ್ಸ್ ಗಟ್ಟಿಯಾಗಿ ನಿಂತಾಗ ಅಳೆಯಲು ನಡುಕವೇ ಇರುವುದಿಲ್ಲ. ಆದರೂ ಗೈರೋ ಸೆನ್ಸರ್ ಪೂರ್ತಿ ಸೊನ್ನೆ ತೋರಿಸುವುದಿಲ್ಲ, ಸ್ವಲ್ಪ ಸ್ವಲ್ಪ ಜಾರುತ್ತಿರುತ್ತದೆ. ಒಳಗಿನ ಗಾಜು ಆ ಸುಳ್ಳು ಅಳತೆಯನ್ನು ನಂಬಿ ಸರಿಯುತ್ತದೆ. ಅದು ಸರಿದಾಗ ಹುಟ್ಟುವ ಸಣ್ಣ ಅದುರನ್ನೂ ಮತ್ತೆ ನಡುಕ ಅಂತ ತಿಳಿದು ಇನ್ನೊಂದು ಕಡೆ ಸರಿಯಬಹುದು. 1/1000ರಲ್ಲಿ ಇದು ಕಾಣುವುದಿಲ್ಲ. ಎರಡು ಸೆಕೆಂಡ್, ಹತ್ತು ಸೆಕೆಂಡ್ ಶಟರ್ ತೆರೆದಿಟ್ಟರೆ ಕಾಣುತ್ತದೆ. ಇಡೀ ಚಿತ್ರ ಸ್ವಲ್ಪ ಮೆತ್ತಗಾಗಿರುತ್ತದೆ, ಫೋಕಸ್ ತಪ್ಪಿದೆಯೇನೋ ಅಂತ ನೀವು ಫೋಕಸ್ ರಿಂಗ್ ತಿರುಗಿಸುತ್ತಾ ಕೂರುತ್ತೀರಿ.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಆಗ ನಾನು ಶೆಟ್ಟಿಹಳ್ಳಿ ಚರ್ಚಿಗೆ ಹೋಗುತ್ತೇನೆ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರು ಅಣೆಕಟ್ಟಿನಿಂದಾಗಿ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಅದರ ಗೋಡೆಯನ್ನು ಮುಳುಗಿಸುತ್ತದೆ. ದಡದಲ್ಲಿ ಟ್ರೈಪಾಡ್ ನಿಲ್ಲಿಸಿ, ಈ ಲೆನ್ಸಿನಲ್ಲಿ ಬರೀ ಕಮಾನು ಮತ್ತು ನೀರನ್ನು ತುಂಬಿಸಿ, ಕೆಲವು ಸೆಕೆಂಡ್ ಶಟರ್ ತೆರೆದರೆ ನೀರು ನುಣ್ಣಗೆ ಬರುತ್ತದೆ. ಇಲ್ಲಿ ವಿಆರ್ ಆಫ್, ಎರಡು ಮಾತಿಲ್ಲ. ಜೊತೆಗೆ ಎಕ್ಸ್‌ಪೋಷರ್ ಡಿಲೇ ಆನ್ ಮಾಡಿಕೊಳ್ಳಿ. ಡಿಎಸ್ಎಲ್ಆರ್ ಒಳಗಿನ ಕನ್ನಡಿ ಮೇಲೇಳುವಾಗ ಕ್ಯಾಮೆರಾ ಅದುರುತ್ತದೆ. ಆ ಅದುರು ತಣಿದ ಮೇಲೆ ಶಟರ್ ತೆರೆಯಲಿ ಅಂತ. ಕಲ್ಲತ್ತಿಗಿರಿ ಜಲಪಾತಕ್ಕೂ ಇದೇ ಕ್ರಮ.

ಆದರೆ ಟ್ರೈಪಾಡ್ ಇದ್ದ ಕಡೆಯೆಲ್ಲ ಆಫ್ ಅಂದುಕೊಳ್ಳಬೇಡಿ. ಟ್ರೈಪಾಡಿನ ಹೆಡ್ ಬಿಗಿ ಮಾಡದೆ ಸಡಿಲ ಬಿಟ್ಟು ಹಕ್ಕಿ ಹಿಂದೆ ತಿರುಗಿಸುತ್ತಿದ್ದರೆ ಆನ್ ಇರಲಿ. ಅಲ್ಲಿ ಲೆನ್ಸನ್ನು ಹಿಡಿದಿರುವುದು ನಿಮ್ಮ ಕೈಯೇ. ಮೊನೊಪಾಡ್‌ಗೂ ಆನ್. ನಿಕಾನ್ ಕೈಪಿಡಿಗಳೂ ಹೀಗೇ ಹೇಳುತ್ತವೆ. ಮುಳ್ಳಯ್ಯನಗಿರಿ ಮಾತ್ರ ಬೇರೆ ಕಥೆ. 1,930 ಮೀಟರ್ ಎತ್ತರ, ಮೇಲೆ ಗಾಳಿ ನಿಂತ ಮನುಷ್ಯನನ್ನೇ ತಳ್ಳುತ್ತದೆ. ಈ ಲೆನ್ಸಿನ ಉದ್ದದ ಹುಡ್ ಗಾಳಿಗೆ ಸಿಕ್ಕಿ ಟ್ರೈಪಾಡ್ ಸಮೇತ ಅದುರುತ್ತದೆ. ನಾನಲ್ಲಿ ಹುಡ್ ತೆಗೆದುಬಿಡುತ್ತೇನೆ, ಟ್ರೈಪಾಡಿನ ಕಾಲು ಇಳಿಸುತ್ತೇನೆ, ನಡುವಿನ ಕೊಕ್ಕೆಗೆ ಬ್ಯಾಗ್ ತೂಗುಹಾಕುತ್ತೇನೆ. ಅಷ್ಟಾದರೂ ಅದುರಿದರೆ ಐಎಸ್ಓ ಏರಿಸಿ ಶಟರ್ ಜೋರು ಮಾಡುತ್ತೇನೆ. ಕೊನೆಗೆ ವಿಆರ್ ಆನ್ ಮಾಡಿ ಕೆಲವು, ಆಫ್ ಮಾಡಿ ಕೆಲವು ತೆಗೆದು, ಅಲ್ಲೇ ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತೇನೆ. ಗಾಳಿಯ ಅದುರು ಒಂದೊಂದು ದಿನ ಒಂದೊಂದು ಥರ ಇರುತ್ತದೆ. ಅಲ್ಲಿ ನಿಯಮಕ್ಕಿಂತ ಕಣ್ಣನ್ನೇ ನಂಬುವುದು ಒಳ್ಳೆಯದು.

ಎರಡನೆಯದು ಹಾರುವ ಹಕ್ಕಿ. ಇಲ್ಲೇ ಜನ ಜಾಸ್ತಿ ಕಳೆದುಕೊಳ್ಳುವುದು.

ಭದ್ರಾ ಹಿನ್ನೀರಿಗೆ ಬೇಸಿಗೆಯಲ್ಲಿ ಹೋಗಿ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಕಡೆಯಿಂದ. ನೀರು ಇಳಿದು ನಡುವೆ ದಿಬ್ಬಗಳು ಎದ್ದಿರುತ್ತವೆ. ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಹಳದಿ ಕೊಕ್ಕು, ಕರಿ ಟೋಪಿ, ಕತ್ತರಿಯಂತೆ ಕವಲೊಡೆದ ಬಾಲ. ಮೀನಿಗೆ ನೀರಿನ ಮೇಲೆ ಎರಗುವಾಗ 1/2000 ಇಲ್ಲದಿದ್ದರೆ ರೆಕ್ಕೆ ನಿಲ್ಲುವುದಿಲ್ಲ. ಬೇಸಿಗೆ ಬಿಸಿಲಲ್ಲಿ ಅಷ್ಟು ಶಟರ್ ಆರಾಮಾಗಿ ಸಿಗುತ್ತದೆ. ಈಗ ಯೋಚಿಸಿ. 1/750 ಸಾಕಿದ್ದ ಕೈಗೆ 1/2000 ಸಿಕ್ಕಿದೆ. ಕೈ ನಡುಕ ಚಿತ್ರದಲ್ಲಿ ಕಾಣುವ ಮಾತೇ ಇಲ್ಲ. ವಿಆರ್ ಗಳಿಸಿಕೊಡುವುದು ಏನೂ ಉಳಿದಿಲ್ಲ.

ಕೆಡಿಸಬಹುದಾದದ್ದು ಮಾತ್ರ ಇದೆ. ನಾರ್ಮಲ್‌ನಲ್ಲಿ ಲೆನ್ಸ್ ಪ್ರತಿ ಚಿತ್ರಕ್ಕೂ ಮೊದಲು ಒಳಗಿನ ಗಾಜನ್ನು ನಡುವಿಗೆ ತಂದುಕೊಳ್ಳುತ್ತದೆ. ಒಂದೊಂದೇ ಚಿತ್ರ ತೆಗೆಯುವಾಗ ಅದು ಒಳ್ಳೆಯದೇ. ಸೆಕೆಂಡಿಗೆ ಎಂಟು ಚಿತ್ರ ತೆಗೆಯುವಾಗ ವ್ಯೂಫೈಂಡರಿನಲ್ಲಿ ಹಕ್ಕಿ ಕುಪ್ಪಳಿಸಿದ ಹಾಗೆ ಕಾಣುತ್ತದೆ. ಫೋಕಸ್ ಚುಕ್ಕಿ ಕಣ್ಣಿನಿಂದ ಬಾಲಕ್ಕೆ ಜಾರುತ್ತದೆ. ಇನ್ನೊಂದು, ಟರ್ನ್ ತಟ್ಟನೆ ದಿಕ್ಕು ಬದಲಿಸುತ್ತದೆ. ನೀವೂ ಲೆನ್ಸನ್ನು ತಟ್ಟನೆ ತಿರುಗಿಸುತ್ತೀರಿ. ಬೇಕಂತಲೇ ತಿರುಗಿಸಿದ್ದಾ, ಕೈ ನಡುಗಿದ್ದಾ ಅಂತ ಲೆನ್ಸ್ ತೀರ್ಮಾನಿಸುವ ಆ ಗಳಿಗೆಯಲ್ಲಿ ಅದು ನಿಮ್ಮ ವಿರುದ್ಧ ಎಳೆಯುತ್ತದೆ. ಅಷ್ಟರಲ್ಲಿ ಹಕ್ಕಿ ಮೀನು ಹಿಡಿದು ಎದ್ದಿರುತ್ತದೆ.

ಸ್ಪೋರ್ಟ್ ಇಟ್ಟಿರುವುದು ಇದಕ್ಕೇ. ಅದರಲ್ಲಿ ಕುಪ್ಪಳಿಸುವುದು ಕಡಿಮೆ, ಜೋರಾಗಿ ತಿರುಗಿಸಿದರೂ ಲೆನ್ಸ್ ಜೊತೆಗೆ ಬರುತ್ತದೆ. ನನ್ನ ಅಭ್ಯಾಸ ಹೀಗೆ. ದೋಣಿಯಲ್ಲಿ ಕೂತಿದ್ದರೆ ಸ್ಪೋರ್ಟ್. ದೋಣಿ ತೂಗುವಾಗ 500 ಎಂಎಂನಲ್ಲಿ ಹಕ್ಕಿಯನ್ನು ಚೌಕಟ್ಟಿನೊಳಗೆ ಇಟ್ಟುಕೊಳ್ಳುವುದೇ ಕಷ್ಟ, ಕಣ್ಣಿಗೆ ಸ್ವಲ್ಪ ಸ್ಥಿರವಾಗಿ ಕಂಡರೆ ಹಿಂಬಾಲಿಸಲು ಅನುಕೂಲ. ನೆಲದ ಮೇಲೆ ಕಾಲೂರಿ ನಿಂತಿದ್ದರೆ, ಶಟರ್ 1/1500 ದಾಟಿದ್ದರೆ, ಪೂರ್ತಿ ಆಫ್. ಗೊರೂರು ಹಿನ್ನೀರಿನ ಗರುಡಗಳನ್ನು ನಾನು ತೆಗೆದಿರುವುದೆಲ್ಲ ಆಫ್‌ನಲ್ಲೇ. ನಾರ್ಮಲ್‌ನಲ್ಲಿ ಇಟ್ಟು ಹಾರುವ ಹಕ್ಕಿ ತೆಗೆಯುವವರೂ ಇದ್ದಾರೆ, ಅವರಿಗೂ ಒಳ್ಳೆಯ ಚಿತ್ರ ಸಿಗುತ್ತದೆ. ಆದರೆ ಒಮ್ಮೆ ಆಫ್ ಮಾಡಿ ನೋಡಿ ಅಂತ ಕೇಳಿಕೊಳ್ಳುತ್ತೇನೆ. ವ್ಯೂಫೈಂಡರಿನ ಒಳಗೆ ಸಿಗುವ ಹಿಡಿತವೇ ಬೇರೆ.

ಮುತ್ತೋಡಿಯಲ್ಲಿ ಸಫಾರಿ ಜೀಪ್ ಹತ್ತಿದಾಗ ವಿಆರ್‌ಗಿಂತ ಮುಖ್ಯ ಎಂಜಿನ್. "ಅಣ್ಣಾ, ಸ್ವಲ್ಪ ಎಂಜಿನ್ ಆಫ್ ಮಾಡ್ತೀರಾ" ಅಂತ ಡ್ರೈವರ್‌ಗೆ ಕೇಳಿ. ಡೀಸೆಲ್ ಎಂಜಿನ್ನಿನ ಅದುರು ಸೀಟಿನಿಂದ ಮೊಣಕೈಗೆ, ಮೊಣಕೈಯಿಂದ ಲೆನ್ಸಿಗೆ ಬರುತ್ತದೆ. ಲೆನ್ಸನ್ನು ಜೀಪಿನ ಕಂಬಿಗೆ ನೇರವಾಗಿ ಒರಗಿಸಬೇಡಿ. ಎಂಜಿನ್ ನಿಂತ ಮೇಲೆ ವಿಆರ್ ನಾರ್ಮಲ್ ಹಾಕಿ ಆರಾಮಾಗಿ ತೆಗೆಯಬಹುದು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾರ್ ರ‍್ಯಾಲಿ ಇದ್ದಾಗ ಪ್ಯಾನಿಂಗ್ ಮಾಡುವವರಿಗೆ ಒಂದು ಮಾತು. ಕಾರಿನ ಜೊತೆ ಕ್ಯಾಮೆರಾ ತಿರುಗಿಸುತ್ತಾ 1/60ರಲ್ಲಿ ತೆಗೆದರೆ ಹಿಂದಿನ ಗಿಡಗಳು ಗೆರೆಗಳಾಗುತ್ತವೆ. ನಿಕಾನ್‌ನ ನಾರ್ಮಲ್ ಈ ಒಂದೇ ಸಮನೆಯ ತಿರುವನ್ನು ಗುರುತಿಸುತ್ತದೆ, ಅಡ್ಡಕ್ಕೆ ಬಿಟ್ಟು ಮೇಲೆ ಕೆಳಗಿನ ನಡುಕವನ್ನು ಮಾತ್ರ ತಡೆಯುತ್ತದೆ. ಹಾಗಾಗಿ ಆನ್ ಇರಲಿ. ಕ್ಯಾನನ್‌ನ ಎಷ್ಟೋ ಲೆನ್ಸ್‌ಗಳಲ್ಲಿ ಇದಕ್ಕೆ ಮೋಡ್ 2 ಅಂತ ಬೇರೆಯೇ ಇದೆ, ಅದಕ್ಕೆ ಬದಲಿಸಿಕೊಳ್ಳಬೇಕು.

ಕ್ಯಾನನ್‌ನವರು ಇದನ್ನು ಐಎಸ್ ಅನ್ನುತ್ತಾರೆ, ಸಿಗ್ಮಾದವರು ಓಎಸ್, ಟ್ಯಾಮ್ರಾನ್‌ನವರು ವಿಸಿ. ಹೆಸರು ಬೇರೆ, ಕೆಲಸ ಒಂದೇ. ಬದಲಾಯಿಸಿಕೊಳ್ಳುವ ಲೆನ್ಸಿನಲ್ಲಿ ಇದನ್ನು ಮೊದಲು ತಂದಿದ್ದು ಕ್ಯಾನನ್, 1995ರಲ್ಲಿ, 75-300 ಲೆನ್ಸಿನ ಜೊತೆ. ಈಗಿನ ಎಷ್ಟೋ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ, ಬಾಡಿಗಳಲ್ಲಿ ಸೆನ್ಸರೇ ಸರಿದಾಡುತ್ತದೆ. ಅದರಲ್ಲೂ ಮೇಲಿನ ತರ್ಕವೇ ಸಲ್ಲುತ್ತದೆ. ಒಂದು ವಿಷಯ ಮಾತ್ರ ಹೊಸದು. ಹಳೆಯ ಮ್ಯಾನುಯಲ್ ಲೆನ್ಸ್ ಹಾಕಿದರೆ ಅದು ಎಷ್ಟು ಎಂಎಂ ಅಂತ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಮೆನುವಿನಲ್ಲಿ ಸರಿಯಾಗಿ ತುಂಬಬೇಕು, ಇಲ್ಲವೇ ಆಫ್ ಮಾಡಬೇಕು. ತಪ್ಪು ಅಳತೆ ಕೊಟ್ಟರೆ ಸೆನ್ಸರ್ ತಪ್ಪು ಸರಿಯುತ್ತದೆ. ಸ್ವಿಚ್ಚೇ ಇಲ್ಲದ ಎಎಫ್-ಪಿ 18-55ರಂಥ ಲೆನ್ಸಿಗೂ ಆಫ್ ಇರುವುದು ಮೆನುವಿನ ಒಳಗೆ.

ಮೊಬೈಲಿಗೂ ಈ ಗೈರೋ ವ್ಯವಸ್ಥೆ ಬಂದಿದೆ. ಬುಲೆಟ್ ಹ್ಯಾಂಡಲ್ಲಿಗೆ ಫೋನ್ ಕಟ್ಟಿಕೊಂಡು ಗಿರಿ ಹತ್ತುವವರನ್ನು ವಾರಾಂತ್ಯಕ್ಕೆ ಎಷ್ಟು ಜನ ಬೇಕೋ ಅಷ್ಟು ನೋಡಬಹುದು. ದೊಡ್ಡ ಬೈಕ್ ಎಂಜಿನ್ನಿನ ಅದುರಿನಿಂದ ಫೋನ್ ಕ್ಯಾಮೆರಾದ ಈ ಭಾಗ ಕೆಡಬಹುದು ಅಂತ ಆ್ಯಪಲ್ 2021ರಲ್ಲೇ ಗ್ರಾಹಕರನ್ನು ಎಚ್ಚರಿಸಿತ್ತು. ಫೋನಿನಲ್ಲಿ ಆಫ್ ಮಾಡಲು ಸ್ವಿಚ್ ಇಲ್ಲ. ಜೇಬಿಗೆ ಹಾಕಿಕೊಳ್ಳಿ.

ಮತ್ತೆ ಲೆನ್ಸಿಗೆ ಬರೋಣ. ದಿನದ ಬಳಕೆಯಲ್ಲಿ ನೆನಪಿಡಬೇಕಾದ ಕೆಲವು ಸಂಗತಿಗಳಿವೆ. ಶಟರ್ ಬಟನ್ ಅರ್ಧ ಒತ್ತಿದ ತಕ್ಷಣ ಕ್ಲಿಕ್ ಮಾಡಬೇಡಿ. ಒಳಗೆ ಮೆಲ್ಲಗೆ ಗುಂಯ್ ಅಂತ ಸದ್ದಾಗಿ ವ್ಯೂಫೈಂಡರಿನ ಚಿತ್ರ ನಿಲ್ಲುತ್ತದೆ. ಅದು ನಿಂತ ಮೇಲೆ ತೆಗೆಯಿರಿ. ಕ್ಯಾಮೆರಾ ಹಿಂಬದಿಯ ಬಟನ್ನಿನಿಂದ ಫೋಕಸ್ ಮಾಡುವ ಅಭ್ಯಾಸ ಇದ್ದವರಿಗೆ ಇದು ಇನ್ನೂ ಮುಖ್ಯ. ಆ ಬಟನ್ ಒತ್ತಿದರೆ ನಿಕಾನ್ ಡಿಎಸ್ಎಲ್ಆರ್‌ನಲ್ಲಿ ವಿಆರ್ ಶುರುವಾಗುವುದಿಲ್ಲ. ಶಟರ್ ಬಟನ್ನನ್ನೂ ಅರ್ಧ ಒತ್ತಿ ಹಿಡಿಯಬೇಕು. ವಿಆರ್ ಓಡುತ್ತಿರುವಾಗ ಕ್ಯಾಮೆರಾ ಆಫ್ ಮಾಡಬೇಡಿ, ಲೆನ್ಸ್ ಬಿಚ್ಚಬೇಡಿ. ಹಾಗೆ ಮಾಡಿದರೆ ಅಲುಗಾಡಿಸಿದಾಗ ಒಳಗೆ ಏನೋ ಕಳಚಿದ ಹಾಗೆ ಲಟಲಟ ಸದ್ದು ಬರಬಹುದು. ಗಾಬರಿ ಬೇಡ, ಮತ್ತೆ ಹಾಕಿ ಆನ್ ಮಾಡಿದರೆ ಗಾಜು ತನ್ನ ಜಾಗಕ್ಕೆ ಹೋಗುತ್ತದೆ. ಇಡೀ ದಿನ ಕಾಡಲ್ಲಿ ಇರುವ ದಿನ ಬೇಡದ ಕಡೆ ಆಫ್ ಮಾಡಿದರೆ ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ.

ತೂಕದ ಬಗ್ಗೆ ಮುಚ್ಚಿಡುವುದು ಬೇಡ. ಬಾಡಿ ಸೇರಿ ಮೂರು ಕೆಜಿ ಕೈಯಲ್ಲಿ ಹಿಡಿದು ಹಕ್ಕಿ ಕಾಯುವುದು ಸುಲಭವಲ್ಲ. ಕೈ ಸೋತ ಮೇಲೆ ನಡುಕ ಜಾಸ್ತಿಯಾಗುತ್ತದೆ, ಆಗ ಎಂಥ ವಿಆರ್ ಇದ್ದರೂ ಸಾಲದು. ನಡುನಡುವೆ ಇಳಿಸಿ ಕೂರಿ, ಇಲ್ಲ ಮೊನೊಪಾಡ್ ಒಯ್ಯಿರಿ. ಝೂಮ್ ರಿಂಗ್ 200ರಿಂದ 500ಕ್ಕೆ ಹೋಗಲು ಬಹಳ ದೂರ ತಿರುಗಬೇಕು, ಒಂದೇ ಹಿಡಿತಕ್ಕೆ ಆಗುವುದಿಲ್ಲ. ಹಾಗಾಗಿ ಹಕ್ಕಿ ಬರುವ ಮೊದಲೇ 500ಕ್ಕೆ ಇಟ್ಟುಕೊಂಡಿರುತ್ತೇನೆ. ಮಿರರ್‌ಲೆಸ್ ಕೊಳ್ಳುವ ಯೋಚನೆ ಇರುವವರು 2023ರಲ್ಲಿ ಬಂದ ಝಡ್ 180-600 ನೋಡಲಿ. ಅದು ಸ್ವಲ್ಪ ಹಗುರ, ಅದರ ವಿಆರ್‌ಗೆ 5.5 ಸ್ಟಾಪ್ ಹೇಳುತ್ತಾರೆ. ಆದರೆ ಅದು ಡಿಎಸ್ಎಲ್ಆರ್ ಕ್ಯಾಮೆರಾಕ್ಕೆ ಕೂರುವುದಿಲ್ಲ.

ಹಳೆಯ ಲೆನ್ಸ್ ಕೊಳ್ಳುವವರೇ ಈಗ ಜಾಸ್ತಿ. ಅವರಿಗೆ ಹೇಳುವುದಿಷ್ಟು. ನಿಮ್ಮದೇ ಬಾಡಿ ತಗೊಂಡು ಹೋಗಿ, ಅಂಗಡಿಯ ಬೆಳಕನ್ನು ನಂಬಬೇಡಿ, ಹೊರಗೆ ಬನ್ನಿ. ಲೆನ್ಸನ್ನು 500ಕ್ಕೆ ಇಟ್ಟು ದೂರದ ಬೋರ್ಡಿನ ಅಕ್ಷರ ನೋಡಿ. ಶಟರ್ ಅರ್ಧ ಒತ್ತಿದಾಗ ಅಕ್ಷರ ತೇಲುವುದು ನಿಲ್ಲಬೇಕು. ಆಮೇಲೆ 1/100ರಲ್ಲಿ ವಿಆರ್ ಆನ್ ಮಾಡಿ ಹತ್ತು, ಆಫ್ ಮಾಡಿ ಹತ್ತು ಚಿತ್ರ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ಎಣಿಸಿ. ಆನ್‌ನಲ್ಲಿ ಹೆಚ್ಚಿನವು ಸ್ಪಷ್ಟವಾಗಿರಬೇಕು, ಆಫ್‌ನಲ್ಲಿ ಹೆಚ್ಚಿನವು ಅಲುಗಾಡಿರಬೇಕು. ಸ್ಪೋರ್ಟ್‌ನಲ್ಲೂ ಒಮ್ಮೆ ಇದೇ ಪರೀಕ್ಷೆ ಮಾಡಿ. ಆನ್, ಆಫ್ ನಡುವೆ ವ್ಯತ್ಯಾಸ ಕಾಣಲಿಲ್ಲವಾ, ಮಾರುವವರು ಬೆಲೆ ಎಷ್ಟೇ ಇಳಿಸಿದರೂ ಆ ಲೆನ್ಸ್ ಬಿಟ್ಟು ಬನ್ನಿ.